ಮಾತಾಜಿ ಮೌನದಲ್ಲಿದ್ದಾರೆ

ಸತೇಶ್ವರಿ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಶ್ರಮದ ಬಾಗಿಲಲ್ಲಿ ಅವಳ ಫೋಟೋ ತೂಗುಹಾಕಿ, ದಿನಾ ಬೆಳಿಗ್ಗೆ ಅದಕ್ಕೆ ಚೆಂಡುಹೂವಿನ ಹಾರ ಹಾಕುತ್ತಾರೆ. ಕಣ್ಣು ಮುಚ್ಚಿದ, ಕೆನ್ನೆ ಬತ್ತಿದ, ಕೂದಲು ಕೆದರಿದ ಫೋಟೋ. ಅದನ್ನು ನೋಡಿ ಜನ ಕೈ ಮುಗಿಯುತ್ತಾರೆ, ಕೆಲವರು ಕಣ್ಣೀರು ಹಾಕುತ್ತಾರೆ. ಆ ಫೋಟೋದವಳು ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ನನ್ನ ಅಂಗಡಿಯಲ್ಲಿ ಕೂತು ದಿಂಬಿಗೆ ಹತ್ತಿ ತುಂಬುತ್ತಿರುತ್ತಾಳೆ.

ನಾನು ದರ್ಮಿಯಾನ್ ಸಿಂಗ್, ದರ್ಜಿ. ಋಷಿಕೇಶದ ಮುನಿ ಕಿ ರೇತಿಯ ಈ ಓಣಿಯಲ್ಲಿ ಕೂತು ಸಾಧಕರಿಗೆ ಬಿಳಿ ಜುಬ್ಬಾ, ಪಾಯಿಜಾಮ, ಧ್ಯಾನಕ್ಕೆ ಕೂರುವ ದಿಂಬು ಹೊಲಿದುಕೊಡುತ್ತಲೇ ನನ್ನ ಗಡ್ಡ ಬೆಳ್ಳಗಾಯಿತು. ಮನಶ್ಶಾಂತಿ ಹುಡುಕಿಕೊಂಡು ಈ ಊರಿಗೆ ಬರುವವರು ಗಂಗೆಗೂ ಮೊದಲು ನನ್ನನ್ನು ನೋಡುತ್ತಾರೆ, ಬಿಗಿ ಪ್ಯಾಂಟಿನಲ್ಲಿ ಪದ್ಮಾಸನ ಹಾಕಲಾಗುವುದಿಲ್ಲವಲ್ಲ. ಅಳತೆ ಕೊಡುತ್ತ ತಮ್ಮ ದುಃಖವನ್ನೆಲ್ಲ ನನ್ನ ತಲೆಗೆ ಸುರಿಯುತ್ತಾರೆ. ಗಂಡ ಸರಿಯಿಲ್ಲ, ನಿದ್ದೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ. ನಾನು ಹೂಂ ಎನ್ನುತ್ತ ಟೇಪು ಎಳೆಯುತ್ತೇನೆ. ನನ್ನ ಅಂಗಡಿಯ ಹಿಂಗೋಡೆಯೇ ಆಶ್ರಮದ ಧ್ಯಾನಮಂದಿರದ ಗೋಡೆ. ಅಲ್ಲಿ ಎಲ್ಲರೂ ಸೇರಿ ಓಂಕಾರ ಹೇಳಿದರೆ ಇಲ್ಲಿ ಡಬ್ಬಿಯೊಳಗಿನ ಗುಂಡಿಗಳು ಗಿಲಿಗಿಲಿ ಎನ್ನುತ್ತವೆ.

ಸತೇಶ್ವರಿ ಟಿಹರಿ ಕಡೆಯ ಹಳ್ಳಿಯವಳು. ಮಗಳು ಮಂಜರಿ ಹುಟ್ಟಿದ ಮೇಲೆ ಅವಳು ಮಾತು ಬಿಟ್ಟಳು, ಊಟ ಬಿಟ್ಟಳು, ಕೂಸಿನ ಕಡೆ ತಿರುಗಿಯೂ ನೋಡಲಿಲ್ಲ. ಗಂಡನ ಮನೆಯವರು ಡೋಲು ಬಡಿಸಿ ಪೂಜಾರಿಯ ಮೈಮೇಲೆ ದೇವರು ಬರಿಸಿದರು. ದೇವರು ಬಂತು, ಕುಣಿಯಿತು, ಆಡು ತಿಂದು ಹೋಯಿತು. ಇವಳು ಗೋಡೆ ನೋಡುತ್ತ ಕೂತೇ ಇದ್ದಳು. ಕೊನೆಗೆ ಹುಚ್ಚಿ ಎಂದು ತವರಿಗೆ ಅಟ್ಟಿದರು. ಅವಳ ಅಣ್ಣ ಪುಣ್ಯಾತ್ಮ, ನೆರೆಹೊರೆಯವರ ಮಾತಿಗೆ ಕಿವಿಗೊಡದೆ ದೆಹರಾದೂನಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ಮಾತ್ರೆ ಶುರುವಾಯಿತು. ಕೆಲವು ತಿಂಗಳಲ್ಲಿ ಹೆಂಗಸು ಎದ್ದು ಓಡಾಡಿದಳು, ಮಗಳ ತಲೆ ಬಾಚಿದಳು. ಇದು ಬಿಡುವ ಮಾತ್ರೆ ಅಲ್ಲಮ್ಮಾ, ನಾನು ಹೇಳುವ ತನಕ ಅಡುಗೆಗೆ ಉಪ್ಪಿನ ಹಾಗೆ ದಿನಾ ಇರಲಿ ಎಂದರಂತೆ ಡಾಕ್ಟರು. ಗಂಡನ ಮನೆಯವರು ಮಾತ್ರ ಬಾಗಿಲು ತೆರೆಯಲಿಲ್ಲ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಋಷಿಕೇಶಕ್ಕೆ ಬಂದು ಆಶ್ರಮದಲ್ಲಿ ಕಸ ಗುಡಿಸುವ, ಚಾಪೆ ಒಣಹಾಕುವ ಕೆಲಸಕ್ಕೆ ಸೇರಿದಳು.

ಆಗ ಆಶ್ರಮ ನಡೆಸುತ್ತಿದ್ದವರು ಒಬ್ಬ ಮುದುಕ ಸನ್ಯಾಸಿ. ಎಲ್ಲರೂ ದೊಡ್ಡ ಬಾಬಾ ಎನ್ನುತ್ತಿದ್ದರು. ಬೈಗುಳದಲ್ಲಿ ಪ್ರವೀಣ, ಪಾಠದಲ್ಲಿ ಇನ್ನೂ ಪ್ರವೀಣ. ಪೊರಕೆ ಹಿಡಿದು ಬಾಗಿಲ ಹತ್ತಿರ ನಿಂತು ಪಾಠ ಕೇಳುತ್ತಿದ್ದವಳನ್ನು ಒಳಗೆ ಕರೆದು ಕೂರಿಸಿದವರು ಅವರೇ. ಸತೇಶ್ವರಿ ಅಳುಕುತ್ತ ತನ್ನ ಮಾತ್ರೆಯ ವಿಷಯ ಹೇಳಿದಾಗ ಅವರು ಮೂಗಿನ ಮೇಲಿನ ಕನ್ನಡಕ ತೆಗೆದು ಅವಳ ಮುಖಕ್ಕೆ ಹಿಡಿದರಂತೆ.

"ಇದು ಹಾಕ್ಕೊಂಡೇ ನಾನು ಶಾಸ್ತ್ರ ಓದೋದು. ಹಾಗಂತ ನನ್ನ ವೈರಾಗ್ಯ ಏನು ಸೋರಿ ಹೋಯ್ತಾ? ಯೋಗಕ್ಕೆ ಅಡ್ಡ ಬರೋದ್ರಲ್ಲಿ ಮೊದಲನೇದೇ ಕಾಯಿಲೆ. ಮೊದಲು ಅದನ್ನ ನೋಡ್ಕೋ. ಮಾತ್ರೆ ನುಂಗು, ನುಂಗಿ ಬಂದು ಕೂತ್ಕೋ."

ಹಾಗೆ ಕೂತವಳು ಬರಬರುತ್ತ ಆ ಮಂದಿರದಲ್ಲಿ ಸಂಜೆಯ ಯೋಗನಿದ್ರೆ ನಡೆಸುವವಳಾದಳು, ಜನರ ಬಾಯಲ್ಲಿ ಮಾತಾಜಿಯಾದಳು. ಜನ ಅಂಗಾತ ಮಲಗುತ್ತಿದ್ದರು. ಇವಳು ಒಬ್ಬೊಬ್ಬರ ಪಾದಕ್ಕೂ ಕಂಬಳಿ ಹೊದಿಸಿ, ಗೋಡೆಗೆ ಒರಗಿ ಕೂತು ಶುರುಮಾಡುತ್ತಿದ್ದಳು. ಬಲಗೈ ಹೆಬ್ಬೆರಳು. ತೋರುಬೆರಳು. ನಡುಬೆರಳು. ಒಂದೊಂದೇ ಅಂಗದ ಹೆಸರು ಹೇಳುತ್ತ ಬಲಗಡೆ ಕಾಲಿನ ಕಿರುಬೆರಳಿನ ತನಕ ಬಂದು, ಆಮೇಲೆ ಎಡಗಡೆಗೆ ಹೋಗುತ್ತಿದ್ದಳು. ಹೇಳಿದ ಕಡೆ ಮನಸ್ಸು ಹೋಗಬೇಕು, ಅಷ್ಟೇ ಪಾಠ. ಆ ದನಿಯಲ್ಲಿ ಏನಿತ್ತೋ, ವರ್ಷಗಟ್ಟಲೆ ನಿದ್ದೆಗೆಟ್ಟವರು ಎಡಗೈಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು. ಗೋಡೆಯಾಚೆ ಕೇಳುತ್ತ ನನಗೇ ಎಷ್ಟೋ ಸಲ ತೂಕಡಿಸಿ ಬೆರಳಿಗೆ ಸೂಜಿ ಚುಚ್ಚಿಕೊಂಡಿದೆ.

ಶಿಬಿರದ ಕೊನೆಯ ದಿನ ಅವಳು ಒಂದು ಮಾತು ಹೇಳುತ್ತಿದ್ದಳು. ಅದು ನನಗೆ ಬಾಯಿಪಾಠ.

"ಮನಸ್ಸು ಅಲ್ಲಾಡದೆ ನಿಂತಿದೆ ಅಂತ ಹಿಗ್ಗಬೇಡಿ. ಹೆಪ್ಪಾದ ಮೊಸರೂ ಅಲ್ಲಾಡಲ್ಲ, ಬಾವಿ ತಳದ ಹೂಳೂ ಅಲ್ಲಾಡಲ್ಲ. ನೋಡೋರಿಗೆ ಎರಡೂ ಒಂದೇ. ನಿಜವಾಗ್ಲೂ ಶಾಂತವಾದೋರಿಗೆ ಹೊಟ್ಟೆ ಹಸಿಯುತ್ತೆ, ನಿದ್ದೆ ಬರುತ್ತೆ, ನಗು ಬರುತ್ತೆ. ಮೂರೂ ಇಲ್ಲ ಅಂದ್ರೆ ಕಣ್ಣು ಮುಚ್ಚಿ ಕೂರಬೇಡಿ, ಎದ್ದು ಡಾಕ್ಟರ ಹತ್ರ ಹೋಗಿ."

ಎಲ್ಲರೂ ತಲೆದೂಗುತ್ತಿದ್ದರು. ತಲೆದೂಗುವುದಕ್ಕೆ ಖರ್ಚೇನು? ಅವಳು ತನ್ನ ಮಾತ್ರೆಯ ವಿಷಯ ಮಾತ್ರ ಅಲ್ಲಿ ಎತ್ತುತ್ತಿರಲಿಲ್ಲ. ಗೊತ್ತಿದ್ದವರು ಬಾಬಾ, ನಾನು, ನನ್ನ ಹೆಂಡತಿ ಜಮುನಾ. ನಾನು ಸತೇಶ್ವರಿಯನ್ನು ಭುಲಿ ಎನ್ನುತ್ತೇನೆ, ತಂಗಿ ಎಂದ ಹಾಗೆ. ಅವಳು ನನ್ನನ್ನು ಭೈಜಿ ಎನ್ನುತ್ತಾಳೆ. ಬೆಳಿಗ್ಗೆ ಅಂಗಡಿಗೆ ಬಂದು ನಮ್ಮ ಹೂಜಿಯ ನೀರಿನಲ್ಲೇ ಮಾತ್ರೆ ನುಂಗಿ, ಜಮುನಾ ಕೊಟ್ಟ ರಾಗಿ ರೊಟ್ಟಿ ತಿಂದು ಹೋಗುವುದು ವಾಡಿಕೆಯಾಗಿತ್ತು. ಹಾಗೇ ಮಂಜರಿಯನ್ನು ಓದಿಸಿದಳು. ಹುಡುಗಿ ದೆಹರಾದೂನಿನಲ್ಲಿ ನರ್ಸ್ ಆದಳು.

ದೊಡ್ಡ ಬಾಬಾ ತೀರಿಕೊಂಡರು. ಅವರ ಗಾದಿಗೆ ಸ್ವಾಮಿ ಸಮಾಹಿತಾನಂದರು ಬಂದರು. ಕೆಟ್ಟವರೆಂದು ನಾನು ಹೇಳುವುದಿಲ್ಲ. ಕೆಟ್ಟವರಾಗಿದ್ದರೆ ಜನ ಇಷ್ಟು ನಂಬುತ್ತಿರಲಿಲ್ಲ, ಅದೇ ಕಷ್ಟ. ಎತ್ತರದ ಆಳು, ಬೆಣ್ಣೆಯಂಥ ಮಾತು, ಎದುರಿಗಿದ್ದವರ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಅಭ್ಯಾಸ. ಬಂದ ಹೊಸದರಲ್ಲೇ ಸತೇಶ್ವರಿಯನ್ನು ಕರೆದು ಕೂರಿಸಿಕೊಂಡು ಅವಳ ಜೀವನವನ್ನೆಲ್ಲ ಕೇಳಿದರು. ಅವಳು ಡೋಲಿನಿಂದ ಹಿಡಿದು ಮಾತ್ರೆಯವರೆಗೆ ಏನೂ ಮುಚ್ಚಿಡದೆ ಹೇಳಿದಳು. ಗುರುವಿಗೆ ಸುಳ್ಳು ಹೇಳಬಾರದು ಎನ್ನುವವಳು ಅವಳು.

ಆ ವರ್ಷದ ವಸಂತದಲ್ಲಿ ದೊಡ್ಡ ಶಿಬಿರ ನಡೆಯಿತು. ಅಂಗಳದ ಶಾಮಿಯಾನದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಸ್ವಾಮೀಜಿ ಸತೇಶ್ವರಿಯನ್ನು ವೇದಿಕೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ನಾನೂ ಅಲ್ಲೇ ಇದ್ದೆ, ದಿಂಬುಗಳ ಮೂಟೆ ಹೊತ್ತು ತಂದಿದ್ದೆ.

"ಈ ತಾಯಿನ ನೋಡಿ," ಎಂದರು. "ಹುಚ್ಚಿ ಅಂತ ಊರಿಂದ ಓಡಿಸಿದ್ರು. ಇವತ್ತು ಸಾವಿರಾರು ಜನರ ಮನಸ್ಸಿಗೆ ಔಷಧಿ ಆಗಿದ್ದಾರೆ. ಹೇಗೆ? ಒಂದೇ ಒಂದು ಮಾತ್ರೆ ಇಲ್ದೆ. ಬರೀ ಧ್ಯಾನ, ಬರೀ ಉಸಿರು!"

ಚಪ್ಪಾಳೆ ಅಂದರೆ ಚಪ್ಪಾಳೆ. ಸತೇಶ್ವರಿ ಮುಗಿದ ಕೈ ಮುಗಿದ ಹಾಗೇ ನಿಂತಿದ್ದಳು. ಅವಳ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದವಳು ಹೂಜಿಯ ಹತ್ತಿರ ಹೋಗಲಿಲ್ಲ.

"ಮಾತ್ರೆ?" ಎಂದೆ.

"ಬಿಟ್ಟೆ ಭೈಜಿ."

"ಡಾಕ್ಟರು ಹೇಳಿದ್ರಾ?"

"ಡಾಕ್ಟರು ಯಾಕೆ ಹೇಳ್ತಾರೆ? ಅಷ್ಟು ಜನರ ಎದುರು ಸ್ವಾಮೀಜಿ ಹೇಳಿಬಿಟ್ರಲ್ಲ. ನಾನು ಇನ್ನೂ ನುಂಗ್ತಾ ಇದ್ರೆ ಅವರ ಬಾಯಿಂದ ಬಂದಿದ್ದು ಸುಳ್ಳಾಗುತ್ತೆ."

"ಆಗ್ಲಿ ಬಿಡು! ಸುಳ್ಳು ಹೇಳಿದ್ದು ಅವರು, ನೀನಲ್ಲ. ಹೋಗಿ ನೆಟ್ಟಗೆ ಹೇಳು, ಸ್ವಾಮೀಜಿ ನಾನು ಮಾತ್ರೆ ತಗೊಳ್ತೀನಿ ಅಂತ."

"ಗುರುಗಳನ್ನ ಸಭೇಲಿ ತಿದ್ದೋಕಾಗುತ್ತಾ ಭೈಜಿ? ಅದಕ್ಕೇ ನನ್ನನ್ನೇ ತಿದ್ಕೊಳ್ತೀನಿ. ಇವತ್ತಿಂದ ಅವರ ಮಾತು ನಿಜ."

ನಾನು ಬೈದೆ. ಜಮುನಾ ಅವಳ ಕೈ ಹಿಡಿದು ಕೇಳಿಕೊಂಡಳು. ಮಂಜರಿ ಫೋನಿನಲ್ಲಿ ಅತ್ತಳು, ಗದರಿದಳು. ಎಲ್ಲದಕ್ಕೂ ಇವಳದು ಒಂದೇ ನಗು. ಸತ್ಯ ಹೇಳಬೇಕೆನ್ನುವುದು ಯೋಗದ ಮೊದಲ ಮೆಟ್ಟಿಲುಗಳಲ್ಲಿ ಒಂದು ಎಂದು ಎಲ್ಲರೂ ಕಲಿಸುತ್ತಾರೆ. ಗುರುವಿನ ಸುಳ್ಳನ್ನು ಸತ್ಯ ಮಾಡಲು ತನ್ನ ತಲೆಯನ್ನೇ ಕೊಡುವವಳು ಈ ಊರಿನಲ್ಲಿ ಮಾತ್ರ ಸಿಗುತ್ತಾಳೆ.

ಮೊದಮೊದಲು ಏನೂ ಆಗಲಿಲ್ಲ. ಅವಳು ಇನ್ನಷ್ಟು ಚುರುಕಾದ ಹಾಗೆ ಕಂಡಿತು. ನೋಡಿದ್ರಾ ಭೈಜಿ ಎಂದು ನನ್ನನ್ನೇ ಆಡಿಕೊಂಡಳು. ಮಳೆಗಾಲ ಹಿಡಿಯುವ ಹೊತ್ತಿಗೆ ರೊಟ್ಟಿ ಅರ್ಧ ಬಿಡತೊಡಗಿದಳು. ಆಮೇಲೆ ಬರುವುದನ್ನೇ ಬಿಟ್ಟಳು. ಗೋಡೆಯಾಚೆಯ ದನಿ ದಿನದಿಂದ ದಿನಕ್ಕೆ ನಿಧಾನವಾಗುತ್ತ ಹೋಯಿತು. ಒಂದು ಬೆರಳಿನಿಂದ ಇನ್ನೊಂದು ಬೆರಳಿಗೆ ಬರುವಷ್ಟರಲ್ಲಿ ನಾನು ಒಂದು ಗುಂಡಿ ಹೊಲಿದು ಮುಗಿಸಿರುತ್ತಿದ್ದೆ.

ಒಂದು ಸಂಜೆ ನಾನು ಮಿಷನ್ನು ನಿಲ್ಲಿಸಿ ಕಿವಿಗೊಟ್ಟು ಕೂತಿದ್ದೆ. ಬಲಗಡೆ ಸೊಂಟ ಎಂದಳು. ಬಲತೊಡೆ ಎಂದಳು. ಬಲಮೊಣಕಾಲು ಎಂದಳು. ಆಮೇಲೆ ಏನೂ ಬರಲಿಲ್ಲ. ಈಗ ಬಂದೀತು ಎಂದು ಕಾದೆ. ಗಂಗೆಯ ಸದ್ದು ಬಿಟ್ಟರೆ ಏನೂ ಇಲ್ಲ. ಅಷ್ಟು ಜನ ಅಂಗಾತ ಮಲಗಿ ಮೊಣಕಾಲಿನಲ್ಲೇ ಮನಸ್ಸಿಟ್ಟು ಕಾಯುತ್ತಿದ್ದಾರೆ, ಇವಳು ಗೋಡೆಗೆ ಒರಗಿ ಕೂತಿದ್ದಾಳೆ, ಮುಂದಿನ ಅಂಗದ ಹೆಸರು ಅವಳ ತಲೆಯಲ್ಲಿ ಇಲ್ಲ. ಎದ್ದು ಆಶ್ರಮದ ಬಾಗಿಲಿಗೆ ಓಡಿದೆ.

ಅಷ್ಟರಲ್ಲಿ ಗಂಟೆ ಹೊಡೆದು ಜನ ಹೊರಗೆ ಬರುತ್ತಿದ್ದರು. ಮುಖದಲ್ಲೆಲ್ಲ ಬೆಳಕೋ ಬೆಳಕು.

"ಇಂಥ ಶಾಂತಿ ಜನ್ಮದಲ್ಲಿ ಸಿಕ್ಕಿರಲಿಲ್ಲ," ಎಂದ ದಿಲ್ಲಿಯ ಒಬ್ಬ ಗುಂಡನೆಯ ಗೃಹಸ್ಥ. "ಮಾತಾಜಿ ಮಾತನ್ನೂ ದಾಟಿ ಹೋಗ್ಬಿಟ್ರು."

ಸ್ವಾಮೀಜಿ ಅಂದೇ ಸಾರಿದರು, ಮಾತಾಜಿ ಮೌನಕ್ಕೆ ಇಳಿದಿದ್ದಾರೆ. ಮೌನವ್ರತ ಇಲ್ಲಿ ಹೊಸದಲ್ಲ. ವ್ರತ ಹಿಡಿದವರು ಎದೆಯ ಮೇಲೆ ಒಂದು ಬಟ್ಟೆಯ ಪಟ್ಟಿ ಹಚ್ಚಿಕೊಳ್ಳುತ್ತಾರೆ, ಮಾತಾಡಿಸಬೇಡಿ ಎಂದು ಜನಕ್ಕೆ ತಿಳಿಯಲಿ ಎಂದು. ಅಂಥ ಪಟ್ಟಿಗಳನ್ನು ನಾನೇ ಎಷ್ಟೋ ಹೊಲಿದಿದ್ದೇನೆ. ಮರುದಿನ ಆಶ್ರಮದಿಂದ ಆಳು ಬಂದು, ಮಾತಾಜಿಗೆ ರೇಷ್ಮೆ ದಾರದಲ್ಲಿ ಒಂದು ಪಟ್ಟಿ ಬೇಕು, 'ಮಾತಾಜಿ ಮೌನದಲ್ಲಿದ್ದಾರೆ' ಅಂತ ಬರಬೇಕು ಎಂದ. ಹೊಲಿಯುವುದಿಲ್ಲ ಎಂದೆ. ಪೇಟೆಯ ಇನ್ನೊಬ್ಬ ದರ್ಜಿಯ ಹತ್ತಿರ ಹೊಲಿಸಿದರು. ಅಕ್ಷರ ಸೊಟ್ಟಗಿತ್ತು.

ನಾನು ಸ್ವಾಮೀಜಿಯ ಕೋಣೆಗೇ ಹೋದೆ. ಚಾಪೆ ಹಾಕಿಸಿ ಕೂರಿಸಿದರು, ಚಹಾ ತರಿಸಿದರು.

"ಸ್ವಾಮೀಜಿ, ಅವಳಿಗೆ ಹಿಂದೆಯೂ ಹೀಗಾಗಿತ್ತು. ನಿಮಗೇ ಹೇಳಿದ್ದಾಳೆ. ಇದು ಮೌನ ಅಲ್ಲ, ಕಾಯಿಲೆ. ಮಾತ್ರೆ ಬಿಟ್ಟಿದ್ದಕ್ಕೆ ತಿರುಗಿ ಬಂದಿದೆ."

"ಮಾತ್ರೆ ಬಿಟ್ಟಿದ್ದು ಅವರೇ ದರ್ಮಿಯಾನ್ ಭಾಯಿ. ನಾನು ಬಿಡಿ ಅಂದಿಲ್ಲ."

"ಒಂದು ಮಾತ್ರೆನೂ ಇಲ್ದೆ ಅಂತ ಮೈಕಿನಲ್ಲಿ ಹೇಳಿದ್ರಲ್ಲ!"

ಅವರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಜಗಳವಾದರೂ ದಕ್ಕುತ್ತಿತ್ತು. "ನೀವು ಬಟ್ಟೆಯ ಅಳತೆ ಬಲ್ಲೋರು," ಎಂದರು ಮೆತ್ತಗೆ. "ಒಳಗಿನದು ಅಷ್ಟು ಸುಲಭವಾಗಿ ಅಳತೆಗೆ ಸಿಗಲ್ಲ. ಇಪ್ಪತ್ತು ವರ್ಷದ ಸಾಧನೆ ಅವರದು. ಈ ಘಟ್ಟದಲ್ಲಿ ಹಿಡಿದು ಅಲ್ಲಾಡಿಸಿದ್ರೆ ಪಾಪ ಯಾರಿಗೆ? ಯೋಚನೆ ಮಾಡಿ."

ಅವರು ಅದನ್ನು ನಂಬಿಯೇ ಹೇಳಿದರು. ನಾನು ಚಹಾ ಮುಟ್ಟದೆ ಎದ್ದುಬಂದೆ.

ಸತೇಶ್ವರಿಯನ್ನು ಹೂವು ಹಾಸಿದ ಮಂಚದ ಮೇಲೆ ಕೂರಿಸಿದ್ದರು. ಸಂಜೆ ದರ್ಶನ. ಜನ ಸಾಲು ನಿಂತು ಪಾದ ಮುಟ್ಟಿ ಹೋಗುತ್ತಿದ್ದರು. ಎದುರಿಗೆ ಹಣ್ಣು, ಹಲ್ವ, ಖೀರು. ಅವಳು ಮುಟ್ಟದೆ ಬಿಟ್ಟದ್ದೇ ಪ್ರಸಾದವಾಗಿ ಹಂಚಿಕೆಯಾಗುತ್ತಿತ್ತು. ಅವಳು ತಿನ್ನದಿದ್ದಷ್ಟೂ ಪ್ರಸಾದ ಹೆಚ್ಚು. ಜುಬ್ಬಾ ಸಡಿಲವಾಗಿದೆ, ಚಿಕ್ಕದು ಹೊಲಿದುಕೊಡಿ ಎಂದು ಆಶ್ರಮದಿಂದ ಹೇಳಿಕಳಿಸಿದರು. ಅಳತೆಗೆ ಜಮುನಾ ಹೋದಳು. ವಾಪಸು ಬಂದವಳು ಟೇಪನ್ನು ನನ್ನ ಮುಂದೆ ಎಸೆದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ಎಲುಬು ಅಳೆದು ಬಂದೆ. ಇನ್ನು ಅಲ್ಲಿಟ್ರೆ ಉಳಿಯಲ್ಲ ಅವಳು. ಮಂಜರಿಗೆ ಫೋನ್ ಮಾಡಿ, ಇವತ್ತೇ."

ಮಂಜರಿ ಅದುವರೆಗೆ ಎರಡು ಸಲ ಬಂದಿದ್ದಳು. ಎರಡು ಸಲವೂ, ಮಾತಾಜಿ ಯಾರನ್ನೂ ನೋಡುವುದಿಲ್ಲ, ಸಂಸಾರದ ಎಳೆ ಅವರಿಗೆ ಕಡಿದಿದೆ ಎಂದು ಬಾಗಿಲಲ್ಲೇ ತಡೆದು ಕಳಿಸಿದ್ದರು. ಈ ಸಲ ಅವಳು ಜಾಣತನ ಮಾಡಿದಳು. ಮಗಳು ಎಂದು ಹೇಳಲಿಲ್ಲ. ಮೊಳ ಹೂವು ಕೊಂಡು, ತಲೆಗೆ ಸೆರಗು ಹೊದ್ದು ದರ್ಶನದ ಸಾಲಿನಲ್ಲಿ ನಿಂತಳು. ಹಿಂದೆ ಜಮುನಾ, ಅವಳ ಹಿಂದೆ ನಾನು.

ಸರದಿ ಬಂದಾಗ ಮಂಜರಿ ಪಾದ ಮುಟ್ಟಲಿಲ್ಲ. ಅಮ್ಮನ ಗಲ್ಲ ಹಿಡಿದು ಮುಖ ಎತ್ತಿದಳು. "ಅಮ್ಮಾ, ನಾನು." ಸತೇಶ್ವರಿ ನೋಡಿದಳು, ನೋಡಿದ ಕಣ್ಣಲ್ಲಿ ಯಾರೂ ಇರಲಿಲ್ಲ. ಹುಡುಗಿ ಸರಕ್ಕನೆ ಜನರ ಕಡೆ ತಿರುಗಿದಳು.

"ನಮ್ಮಮ್ಮ ಸ್ನಾನ ಮಾಡಿ ಎಷ್ಟು ದಿನ ಆಯ್ತು? ಯಾರಿಗಾದ್ರೂ ಗೊತ್ತಾ? ದಿನಾ ಕಾಲು ಮುಟ್ಟೋರಿಗೆ ವಾಸನೆ ಬರಲಿಲ್ವಾ?"

"ಅವಧೂತರಿಗೆ ಸ್ನಾನದ ಹಂಗಿಲ್ಲ ಮಗೂ," ಎಂದಳು ಸಾಲಿನಲ್ಲಿದ್ದ ಒಬ್ಬ ದೊಡ್ಡ ಹೆಂಗಸು.

"ಇವರೇ ನಿಮಗೆಲ್ಲ ಹೇಳಿಕೊಟ್ಟಿದ್ರು, ಹಸಿವು, ನಿದ್ದೆ, ನಗು, ಈ ಮೂರೂ ಇಲ್ಲಾಂದ್ರೆ ಡಾಕ್ಟರ ಹತ್ರ ಹೋಗಿ ಅಂತ! ನೆನಪಿಲ್ವಾ? ಇವರು ನಕ್ಕಿದ್ದು ಕಂಡೋರು ಯಾರಿದೀರಿ, ಮುಂದೆ ಬನ್ನಿ!"

"ಅದು ನಮ್ಮಂಥೋರಿಗೆ ಹೇಳಿದ್ದು," ಎಂದ ದಿಲ್ಲಿಯ ಗುಂಡನೆಯವನು. "ಅವರಿಗೆ ಅನ್ವಯ ಆಗಲ್ಲ."

ಗಲಾಟೆಯಾಯಿತು. ಯಾರೋ ನನ್ನ ಕಾಲರ್ ಹಿಡಿದರು. ನಾನೂ ಕೈ ಬೀಸಿದೆ, ಸುಳ್ಳು ಯಾಕೆ. ಮಂಜರಿ ಅಮ್ಮನ ಎದೆಯ ಮೇಲಿನ ಪಟ್ಟಿಯನ್ನು ಕಿತ್ತು ಬಿಸಾಕಿ, ನನ್ನ ಕಡೆ ತಿರುಗಿ, ಮಾಮಾ ಎತ್ತಿ ಎಂದಳು. ಎತ್ತಿದೆ. ನನ್ನ ಹತ್ತಿಯ ಮೂಟೆಗೆ ಇದಕ್ಕಿಂತ ಭಾರವಿದೆ. ಸ್ವಾಮೀಜಿ ಬಾಗಿಲಲ್ಲಿ ನಿಂತಿದ್ದರು. ತಡೆಯಲಿಲ್ಲ. ಕೈಮುಗಿದು ದಾರಿ ಬಿಟ್ಟರು. ಗಲಾಟೆಯ ನಡುವೆ ನರ್ಸ್ ಮಗಳು ಪೊಲೀಸರ ಹೆಸರು ಎತ್ತಿದ್ದು ಅವರ ಕಿವಿಗೆ ಬಿದ್ದಿತ್ತೋ ಏನೋ.

ದೆಹರಾದೂನಿನ ಆಸ್ಪತ್ರೆಯಲ್ಲಿ ಮೊದಲು ಮೂಗಿಗೆ ನಳಿಕೆ ಹಾಕಿ ಗಂಜಿ ಇಳಿಸಿದರು. ಹಳೆಯ ಮಾತ್ರೆ ಈ ಸಲ ಬೇಗ ಹಿಡಿಯಲಿಲ್ಲ, ಬೇರೆ ಬೇರೆ ಕೊಟ್ಟು ನೋಡಿದರು. ದೀಪಾವಳಿ ಕಳೆದು ಚಳಿ ಇಳಿದ ಮೇಲೆ, ಒಂದು ದಿನ ಜಮುನಾ ಒಯ್ದ ಹುರುಳಿ ಸಾರು ಕುಡಿದು, ಉಪ್ಪು ಕಮ್ಮಿ ಎಂದಳು. ತಿಂಗಳುಗಳ ಮೇಲೆ ಬಂದ ಮೊದಲ ಮಾತು ಅದು. ಮಂಜರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೆ ಇಷ್ಟು ಕಹಿ ಇರುತ್ತಿರಲಿಲ್ಲ.

ಬೇಸಿಗೆಗೆ ಸತೇಶ್ವರಿ ಪೂರ್ತಿ ಹುಷಾರಾದಳು. ಮೈ ಕೈ ತುಂಬಿಕೊಂಡಿತು. ಹೊಸ ಮಾತ್ರೆಗೆ ಸ್ವಲ್ಪ ಹೆಚ್ಚೇ ತುಂಬಿತು, ಬಾಯಿ ಒಣಗಿ ನಾಲಗೆ ತುಸು ದಪ್ಪವಾಯಿತು. ಕನ್ನಡಕ ಬಂತು. ಇಲ್ಲೇ ಇದ್ದುಬಿಡು ಎಂದಳು ಮಗಳು. ಇವಳು ಒಪ್ಪಲಿಲ್ಲ. ನನ್ನ ಕೆಲಸ ಅಲ್ಲಿದೆ, ಈಗ ನಿಜ ಏನು ಅಂತ ನಾನೇ ಎಲ್ಲರಿಗೂ ಹೇಳ್ತೀನಿ ಎಂದು ಹಟ ಹಿಡಿದು ಬಂದಳು. ಒಬ್ಬಳೇ ಹೋಗಲು ಅಳುಕಿ ನನ್ನನ್ನೂ ಕರೆದುಕೊಂಡು ಸ್ವಾಮೀಜಿಯ ಕೋಣೆಗೆ ಹೋದಳು.

ಆಶ್ರಮದ ಬಾಗಿಲಲ್ಲೇ ಅವಳಿಗೆ ತನ್ನ ಫೋಟೋ ಕಂಡಿತು. ಹಾರ, ಊದುಬತ್ತಿ. ಬೆಪ್ಪಾಗಿ ನಿಂತಳು. ಆಮೇಲೆ ಕೋಣೆಗೆ ಹೋಗಿ ಕೂತವಳೇ ಕೇಳಿದಳು.

"ನಾನು ಸತ್ತೆ ಅಂದ್ರಾ ಸ್ವಾಮೀಜಿ?"

"ಛೇ ಛೇ, ಹಾಗಂದಿಲ್ಲ ಮಾತಾಜಿ. ಮೇಲೆ ಹಿಮಾಲಯಕ್ಕೆ ಹೋದ್ರು ಅಂದೆ. ಏನೋ ಒಂದು ಹೇಳಬೇಕಿತ್ತಲ್ಲ."

"ಈಗ ಬಂದಿದೀನಿ. ಸಂಜೆ ಪಾಠ ಮತ್ತೆ ನಾನೇ ಮಾಡ್ತೀನಿ. ಆಗಿದ್ದು ಆಗಿದ್ ಹಾಗೆ ಹೇಳಿ ಮಾಡ್ತೀನಿ."

ಸ್ವಾಮೀಜಿ ಅವಳ ಕಣ್ಣಿನಿಂದ ತಮ್ಮ ಕಣ್ಣು ತೆಗೆದರು. ಅವರಿಗೂ ಕಷ್ಟವಾಗುತ್ತಿತ್ತು, ಅದು ನನಗೆ ಕಂಡಿತು.

"ನಿಮ್ಮ ಹೆಸರು ಹೇಳ್ಕೊಂಡು ಎಷ್ಟು ಜನ ಬದುಕ್ತಾ ಇದ್ದಾರೆ ಗೊತ್ತಾ? ಆ ತಾಯಿಗೆ ಆಗಿದ್ದು ನನಗೂ ಆಗುತ್ತೆ ಅಂತ ನಂಬಿದ್ದಾರೆ. ಈಗ ನೀವು ಹೋಗಿ, ನಾನು ಆಸ್ಪತ್ರೆಯಲ್ಲಿದ್ದೆ, ಮಾತ್ರೆ ತಿಂದೆ ಅಂದ್ರೆ ಅವರ ಕೈಲಿರೋ ಹಗ್ಗನೂ ಕಿತ್ಕೊಂಡ ಹಾಗೆ. ಪಾಠದ ಚಿಂತೆ ಬೇಡ. ನಿಮ್ಮ ದನಿ ರೆಕಾರ್ಡ್ ಆಗಿ ಇದೆ, ಹಳೇದು, ಚೆನ್ನಾಗಿರೋದು. ದಿನಾ ಅದನ್ನೇ ಹಾಕ್ತೀವಿ."

ಸತೇಶ್ವರಿ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಎದ್ದು ಹೊರಟಳು. ಮೆಟ್ಟಿಲಿಳಿಯುವಾಗ, "ಅವರಿಗೆ ಅವಳು ಸಾಕಂತೆ ಭೈಜಿ," ಎಂದಳು. "ನಾನು ಬೇಡವಂತೆ."

ಆಮೇಲೆ ಕೆಲವು ದಿನ ಶಿಬಿರಕ್ಕೆ ಬಂದವರನ್ನು ಓಣಿಯಲ್ಲೇ ನಿಲ್ಲಿಸಿ ಹೇಳಿ ನೋಡಿದಳು. ಯಾರೋ ತಲೆಕೆಟ್ಟ ಹೆಂಗಸು ಮಾತಾಜಿ ನಾನೇ ಅನ್ನುತ್ತಾಳೆ ಎಂದು ಆಶ್ರಮಕ್ಕೆ ದೂರು ಹೋಯಿತು. ಎಂಥ ಊರಪ್ಪಾ ಇದು! ನಿಜವಾಗಿ ತಲೆ ಕೆಟ್ಟಾಗ ಮಂಚದ ಮೇಲೆ ಕೂರಿಸಿದರು, ಸರಿಯಾದ ಮೇಲೆ ತಲೆಕೆಟ್ಟವಳು ಎಂದರು.

ಆಗಿನಿಂದ ನಮ್ಮ ಅಂಗಡಿಯಲ್ಲಿದ್ದಾಳೆ. ಬೆಳಿಗ್ಗೆ ಗಂಗೆಯ ಮೆಟ್ಟಿಲ ಮೇಲೆ ಕೂತು ಉಸಿರಿನ ಅಭ್ಯಾಸ ಮಾಡುತ್ತಾಳೆ, ಬಂದು ಹೂಜಿಯ ನೀರಿನಲ್ಲಿ ಮಾತ್ರೆ ನುಂಗುತ್ತಾಳೆ, ರೊಟ್ಟಿ ತಿಂದು ಕೆಲಸಕ್ಕೆ ಕೂರುತ್ತಾಳೆ. ಉಸಿರಿನ ಮೇಲೆ ಅವಳಿಗೆ ಸಿಟ್ಟಿಲ್ಲ. ನನಗೂ ಇಲ್ಲ. ಉಸಿರು ಯಾರಿಗೆ ಏನು ಮಾಡಿತ್ತು?

ಮೊನ್ನೆ ಚೈತ್ರದಲ್ಲಿ ಮೀರತ್ತಿನ ಒಬ್ಬ ಹೆಂಗಸು ದಿಂಬು ಕೊಳ್ಳಲು ಬಂದಳು. ಶಾಲೆಯಲ್ಲಿ ಟೀಚರಂತೆ. ಚಿಕ್ಕ ವಯಸ್ಸು, ಕಣ್ಣಿನ ಕೆಳಗೆ ಕಪ್ಪು. ಬೆರಳುಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಸತೇಶ್ವರಿ ನಾಲ್ಕು ದಿಂಬು ತೆಗೆದು ಮುಂದಿಟ್ಟಳು.

"ಆಂಟಿ, ನೀವು ಇಲ್ಲೇ ಇರೋರಲ್ವಾ, ಮಾತಾಜಿನ ನೋಡಿದೀರಾ?" ಎಂದಳು ಅವಳು, ದಿಂಬು ಒತ್ತಿ ನೋಡುತ್ತ.

"ನೋಡಿದೀನಿ."

"ಅದೃಷ್ಟವಂತರು. ನಾನು ಅವರ ದನಿ ಕೇಳಿಯೇ ಬದುಕಿರೋದು. ಎರಡು ವರ್ಷ ಡಿಪ್ರೆಶನ್ನಿಗೆ ಮಾತ್ರೆ ತಿಂತಿದ್ದೆ. ಮಾತಾಜಿ ಕತೆ ಕೇಳಿದ ಮೇಲೆ ಬಿಟ್ಟುಬಿಟ್ಟೆ, ಹೋಳಿ ಹಬ್ಬದ ದಿನ. ಅವರಿಗೆ ಆಗಿದ್ದು ನಂಗೂ ಆಗಲೇಬೇಕು, ಅಲ್ವಾ?"

ಸತೇಶ್ವರಿಯ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು. ಎದ್ದು ಬಂದು ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು.

"ಮಗೂ, ಊಟ ಸೇರುತ್ತಾ?"

"ಅಷ್ಟಾಗಿ ಇಲ್ಲ."

"ನಿದ್ದೆ?"

"ಇಲ್ಲ. ಆದ್ರೆ ಮನಸ್ಸು ಶಾಂತವಾಗಿದೆ ಆಂಟಿ, ಏನೂ ಅನ್ಸೋದೇ ಇಲ್ಲ."

"ಇವತ್ತೇ ಊರಿಗೆ ಹೋಗು. ಡಾಕ್ಟರನ್ನ ನೋಡು, ಮಾತ್ರೆ ಶುರುಮಾಡು. ಮಾತಾಜಿ ಮಾತ್ರೆ ತಗೊಳ್ತಿದ್ಲು. ಬಿಟ್ಟಾಗ ಸಾಯೋ ಹಾಗಾದ್ಲು. ಆ ಮಾತಾಜಿ ನಾನೇ ಕಣಮ್ಮಾ."

ಹೆಂಗಸು ಕೈ ಬಿಡಿಸಿಕೊಂಡು ನನ್ನ ಮುಖ ನೋಡಿದಳು, ಹೌದಾ ಎನ್ನುವ ಹಾಗೆ. ಹೌದಮ್ಮಾ ಎಂದೆ. ಅವಳು ಮತ್ತೆ ಸತೇಶ್ವರಿಯನ್ನು ನೋಡಿದಳು. ದಪ್ಪ ಕನ್ನಡಕ, ಹೂವಿನ ಚಿತ್ತಾರದ ಸೀರೆ, ಕೂದಲಿಗೆಲ್ಲ ಮೆತ್ತಿದ ಹತ್ತಿ. ಫೋಟೋದವಳ ಗುರುತು ಎಲ್ಲೂ ಇರಲಿಲ್ಲ. ಅವಳ ಮುಖ ಗಂಟಾಯಿತು.

ಆಗ ಸತೇಶ್ವರಿ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಒಂದು ಉಸಿರು ಎಳೆದು ಬಿಟ್ಟಳು. ಆಮೇಲೆ, ಎಷ್ಟೋ ದಿನದಿಂದ ಗೋಡೆಯಾಚೆ ರೆಕಾರ್ಡಿನಲ್ಲಷ್ಟೇ ಕೇಳುತ್ತಿದ್ದ ಆ ದನಿ ನನ್ನ ಅಂಗಡಿಯಲ್ಲಿ ಎದ್ದಿತು.

"ಬಲಗೈ ಹೆಬ್ಬೆರಳು. ತೋರುಬೆರಳು. ನಡುಬೆರಳು. ಉಂಗುರ ಬೆರಳು..."

ನಾಲಗೆ ಒಂದೆರಡು ಕಡೆ ತೊಡರಿತು, ನಿಜ. ಆದರೂ ಆ ಹೆಂಗಸಿನ ಬೆರಳುಗಳು ಒಂದೊಂದಾಗಿ ಸುಮ್ಮನಾದವು. ರೆಪ್ಪೆ ತಾನಾಗಿ ಇಳಿಯಿತು. ಹೆಗಲು ಸಡಿಲವಾಯಿತು. ಅಂಗೈ, ಮಣಿಕಟ್ಟು, ಮೊಣಕೈ. ಕಣ್ಣಿನ ಸಂದಿಯಿಂದ ಒಂದು ಹನಿ ಇಳಿಯಿತು. ಗುರುತು ಸಿಕ್ಕಿತು, ಬದುಕಿದಳು ಎಂದುಕೊಂಡೆ ನಾನು.

ಹೆಂಗಸು ಕಣ್ಣು ಬಿಟ್ಟಳು. ಕೆನ್ನೆ ಒರೆಸಿಕೊಂಡಳು.

"ಚೆನ್ನಾಗಿ ಅನುಕರಣೆ ಮಾಡ್ತೀರಿ ಆಂಟಿ," ಎಂದಳು. "ಆದ್ರೆ ಮಾತಾಜಿ ಹೆಸರಲ್ಲಿ ಹೀಗೆಲ್ಲ ಹೇಳಬಾರದು. ಪಾಪ ಬರುತ್ತೆ."

"ಆಯ್ತಮ್ಮಾ, ನಾನು ಅನುಕರಣೆಯವಳೇ," ಎಂದಳು ಸತೇಶ್ವರಿ. "ನನ್ನ ಮಾತು ಬೇಡ. ನಿಮ್ಮಮ್ಮನ ಹತ್ರ ಕೇಳು, ಗಂಡನ ಹತ್ರ ಕೇಳು, ಯಾರ ಮಾತಾದ್ರೂ ಕೇಳಿ ಮಾತ್ರೆ ತಗೋ. ಕೈ ಮುಗೀತೀನಿ."

ಅವಳು ದಿಂಬಿನ ಹಣ ಮೇಜಿನ ಮೇಲಿಟ್ಟು, ದಿಂಬನ್ನು ಎದೆಗವಚಿಕೊಂಡು ಆಶ್ರಮದ ಕಡೆಗೇ ಹೋದಳು. ಸತೇಶ್ವರಿ ಚಪ್ಪಲಿಯೂ ಇಲ್ಲದೆ ಬಾಗಿಲ ತನಕ ಹಿಂದೆ ಓಡಿದಳು. ಕಾವಲಿನವನು ಅವಳ ಗುರುತು ಹಿಡಿದು, ನಡಿ ನಡಿ ಎಂದು ಕೋಲು ಅಡ್ಡ ಹಿಡಿದ. ನಾನು ಹೋಗಿ ಕರೆದುಕೊಂಡು ಬಂದೆ. ಆ ಹೆಂಗಸು ಊರಿಗೆ ಹೋದಳೋ, ಮಾತ್ರೆ ತೆಗೆದುಕೊಂಡಳೋ, ನಮಗೆ ಗೊತ್ತಿಲ್ಲ. ಮೀರತ್ತಿನ ಕಡೆಯವರು ಯಾರು ಬಂದರೂ ಸತೇಶ್ವರಿ ಕೇಳುತ್ತಾಳೆ, ಕಣ್ಣಿನ ಕೆಳಗೆ ಕಪ್ಪಿರುವ ಒಬ್ಬ ಟೀಚರ್ ಗೊತ್ತಾ ಎಂದು.

ಅವತ್ತು ಸಂಜೆಯೂ ಗೋಡೆಯಾಚೆ ರೆಕಾರ್ಡ್ ಹಾಕಿದರು. ಬಲಗೈ ಹೆಬ್ಬೆರಳು, ತೋರುಬೆರಳು. ಸತೇಶ್ವರಿ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು. ಬಲಮೊಣಕಾಲು ದಾಟಿ ಕಣಕಾಲು, ಹಿಮ್ಮಡಿ, ಕಿರುಬೆರಳು ಬಂತು, ಎಡಗೈ ಬಂತು.

"ಅವಳು ಎಲ್ಲೂ ಮರೆಯಲ್ಲ ನೋಡಿ ಭೈಜಿ," ಎಂದಳು. "ಅವಳಿಗೆ ಕಾಯಿಲೆನೇ ಬರಲ್ಲ."

ಆಮೇಲೆ ಎದ್ದು ಹಿಂದಿನ ಕಿಟಕಿ ಮುಚ್ಚಿದಳು.